ಬೆಳಕಿಗೆ ಬಾರದ ನೊಣ

ಬಾಳೆಗೊನೆಯನ್ನು ಅಟ್ಟದ ಮೂಲೆಯಲ್ಲಿ ತೂಗುಹಾಕಿ, ಕಾಯಿ ಹಣ್ಣಾಗುವುದನ್ನು ಕಾದಿದ್ದ ಮನೆಗಳಲ್ಲಿ ಬೆಳೆದವರಿಗೆ ಆ ಸಣ್ಣ ನೊಣದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡುವುದೇ ತಡ, ಎಳ್ಳುಕಾಳಿನಷ್ಟು ಗಾತ್ರದ ಹತ್ತಾರು ನೊಣಗಳು ಎಲ್ಲಿಂದಲೋ ಬಂದು ಮುತ್ತುತ್ತವೆ. ಕೈ ಬೀಸಿದರೆ ಚದರುತ್ತವೆ. ಚದರಿದವು ಕತ್ತಲೆಯ ಮೂಲೆಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಬೆಳಕಿನ ಕಡೆಗೆ, ಕಿಟಕಿಯ ಗಾಜಿನ ಕಡೆಗೆ ಹಾರಿ ಅಲ್ಲಿ ಕೂರುತ್ತವೆ. ನೊರಜು ಎಂದೂ ಹಣ್ಣಿನ ನೊಣ ಎಂದೂ ನಾವು ಕರೆಯುವ ಈ ಜೀವಿಗೆ ಪ್ರಾಣಿಶಾಸ್ತ್ರಜ್ಞರು ಇಟ್ಟಿರುವ ಹೆಸರು ಡ್ರಾಸೊಫಿಲ. ಇಬ್ಬನಿಯನ್ನು ಪ್ರೀತಿಸುವಂಥದು ಎಂದು ಆ ಮಾತಿನ ಅರ್ಥ. ಕೊಳೆತ ಹಣ್ಣಿನ ನಿತ್ಯದ ಅತಿಥಿಗೆ ಇಷ್ಟು ಸೊಗಸಾದ ಹೆಸರನ್ನಿಟ್ಟವರ ರಸಿಕತೆಯನ್ನು ಮೆಚ್ಚಬೇಕು.

ಈ ನೊಣ ಬೆಳಕನ್ನು ಹೇಗೆ ಕಾಣುತ್ತದೆ, ಕಂಡದ್ದರಿಂದ ಏನು ಕಲಿಯುತ್ತದೆ ಎಂಬ ವಿಚಾರ ನನ್ನನ್ನು ಬಹುಕಾಲದಿಂದ ಹಿಡಿದುಕೊಂಡಿದೆ. ಅದಕ್ಕೆ ಕಾರಣ ಯಾವ ಗ್ರಂಥವೂ ಅಲ್ಲ, ಒಬ್ಬ ಹುಡುಗ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ಮೊದಲ ವರ್ಷಗಳಲ್ಲಿ ಒಂಬತ್ತನೆಯ ತರಗತಿಯ ಕಡೆಯ ಬೆಂಚಿನಲ್ಲಿ ಒಬ್ಬ ಕೂರುತ್ತಿದ್ದ. ಹಲಗೆಯ ಮೇಲೆ ಬರೆದುದನ್ನು ತಪ್ಪುತಪ್ಪಾಗಿ ಇಳಿಸಿಕೊಳ್ಳುತ್ತಿದ್ದ. ಚಿತ್ರ ಬರೆಯೆಂದರೆ ಪಕ್ಕದವನ ಪುಸ್ತಕವನ್ನು ನೋಡುತ್ತಿದ್ದ. ನಾನು ಅವನನ್ನು ದಡ್ಡನೆಂದು ತೀರ್ಮಾನಿಸಿದೆ. ತೀರ್ಮಾನಿಸಿದ್ದಷ್ಟೇ ಅಲ್ಲ, ತರಗತಿಯ ಎದುರಿಗೆ ಹಾಗೆಂದು ಕರೆದೆ. ಎರಡು ಮೂರು ಸಲ ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ತಲೆ ತಗ್ಗಿಸಿ ನಿಲ್ಲುತ್ತಿದ್ದನೇ ಹೊರತು ಒಂದು ಮಾತನ್ನೂ ಎದುರಾಡುತ್ತಿರಲಿಲ್ಲ. ಆ ಕಥೆಯ ಮುಂದಿನ ಭಾಗವನ್ನು ಕಡೆಯಲ್ಲಿ ಹೇಳುತ್ತೇನೆ. ನಡುವೆ ಹೇಳಬೇಕಾದ ನೊಣದ ಕಥೆ ದೊಡ್ಡದಿದೆ.

ಅದು ಪ್ರಾರಂಭವಾದದ್ದು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಒಂದು ಕೋಣೆಯಲ್ಲಿ. ಹದಿನಾರು ಅಡಿ ಅಗಲ, ಇಪ್ಪತ್ತಮೂರು ಅಡಿ ಉದ್ದದ ಆ ಕೋಣೆಯ ತುಂಬ ಹಾಲಿನ ಸೀಸೆಗಳು, ಸೀಸೆಗಳ ತುಂಬ ಮಾಗಿದ ಬಾಳೆಹಣ್ಣು, ಬಾಳೆಹಣ್ಣಿನ ತುಂಬ ನೊಣ. ಅಲ್ಲಿ ಥಾಮಸ್ ಹಂಟ್ ಮಾರ್ಗನ್ ತಮ್ಮ ಶಿಷ್ಯರೊಡನೆ ಪೀಳಿಗೆಯ ಮೇಲೆ ಪೀಳಿಗೆ ನೊಣಗಳನ್ನು ಸಾಕುತ್ತಿದ್ದರು. ಹದವಾದ ಬೆಚ್ಚಗೆಯಲ್ಲಿ ಮೊಟ್ಟೆಯಿಂದ ಪ್ರಾಯದ ನೊಣವಾಗಲು ಹತ್ತು ದಿನ ಸಾಕು. ಮನುಷ್ಯನ ನೂರಾರು ವರ್ಷಗಳ ವಂಶಚರಿತ್ರೆಯನ್ನು ಆ ಸೀಸೆಗಳಲ್ಲಿ ಕೆಲವು ತಿಂಗಳಲ್ಲಿ ಓದಿ ಮುಗಿಸಬಹುದು. 1910ರಲ್ಲಿ, ಕೆಂಪು ಕಣ್ಣಿನ ಸಹಸ್ರಾರು ನೊಣಗಳ ನಡುವೆ ಬಿಳಿಯ ಕಣ್ಣಿನ ಒಂದು ಗಂಡು ಮಾರ್ಗನ್ನರ ಕಣ್ಣಿಗೆ ಬಿತ್ತು. ಅವರು ಅದನ್ನು ಕೆಂಗಣ್ಣಿನ ಹೆಣ್ಣುಗಳೊಡನೆ ಕೂಡಿಸಿದರು. ಹುಟ್ಟಿದ 1,240 ಮರಿಗಳಲ್ಲಿ ಮೂರನ್ನುಳಿದು ಎಲ್ಲಕ್ಕೂ ಕೆಂಪು ಕಣ್ಣೇ. ಆದರೆ ಮುಂದಿನ ಪೀಳಿಗೆಯಲ್ಲಿ 2,459 ಕೆಂಗಣ್ಣಿನ ಹೆಣ್ಣು, 1,011 ಕೆಂಗಣ್ಣಿನ ಗಂಡು, 782 ಬಿಳಿಗಣ್ಣಿನ ಗಂಡು ಎಣಿಕೆಗೆ ದೊರೆತವು. ಬಿಳಿಗಣ್ಣಿನ ಹೆಣ್ಣು ಒಂದೂ ಇರಲಿಲ್ಲ. ಈ ಲೆಕ್ಕದ ಬೆನ್ನು ಹಿಡಿದು ಹೋದ ಮಾರ್ಗನ್ನರು, ಅನುವಂಶಿಕ ಗುಣಗಳು ಜೀವಕೋಶದ ವರ್ಣತಂತುಗಳ ಮೇಲೆ ಕುಳಿತಿವೆ ಎಂಬ ಸಿದ್ಧಾಂತವನ್ನು ಸ್ಥಿರಪಡಿಸಿದರು. 1933ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಅವರ ಶಿಷ್ಯ ಸ್ಟರ್ಟಿವಂಟ್, 1913ರಲ್ಲಿ, ವರ್ಣತಂತುವಿನ ಮೇಲೆ ಗುಣಗಳು ಸಾಲಾಗಿ ನಿಂತಿರುವ ಮೊಟ್ಟಮೊದಲ ನಕ್ಷೆಯನ್ನು ಬರೆದರು. ಕಣ್ಣಿನ ಬಣ್ಣಗಳನ್ನು ವಿಂಗಡಿಸುವುದೇ ಮುಖ್ಯ ಉದ್ಯೋಗವಾಗಿದ್ದ ಆ ಕೋಣೆಯಲ್ಲಿ ಈ ಸ್ಟರ್ಟಿವಂಟರಿಗೆ ಮಾತ್ರ ವರ್ಣಾಂಧತೆ ಇತ್ತು. ವಿಧಿಯ ವಿನೋದವೆಂದರೆ ಇದೇ.

ಬಿಳಿಗಣ್ಣಿನ ನೊಣ ಪ್ರಸಿದ್ಧವಾಯಿತು; ಆದರೆ ಅದಕ್ಕೆ ಏನು ಕಾಣಿಸುತ್ತಿತ್ತು? ನೊಣದ ಒಂದೊಂದು ಕಣ್ಣೂ ಸುಮಾರು ಏಳುನೂರೈವತ್ತು ಪುಟ್ಟ ಕಣ್ಣುಗಳ ಕೂಟ. ಜೇನುಹಲ್ಲೆಯ ಕೋಣೆಗಳಂತೆ ಅವು ಒತ್ತಾಗಿ ಕುಳಿತಿವೆ. ಒಂದೊಂದರಲ್ಲಿಯೂ ಬೆಳಕನ್ನು ಹಿಡಿಯುವ ಎಂಟು ಕೋಶಗಳಿವೆ. ಒಂದು ಕೋಣೆಯ ಬೆಳಕು ಪಕ್ಕದ ಕೋಣೆಗೆ ಸೋರದಂತೆ ನಡುವೆ ಬಣ್ಣದ ಗೋಡೆಗಳಿವೆ. ನಮಗೆ ಹೊರಗಿನಿಂದ ಕೆಂಪಾಗಿ ತೋರುವುದು ಆ ಗೋಡೆಗಳ ಬಣ್ಣ. ಬಿಳಿಗಣ್ಣಿನ ನೊಣದಲ್ಲಿ ಬಣ್ಣದ ಮೂಲಸಾಮಗ್ರಿಯನ್ನು ಕೋಶದೊಳಗೆ ಸಾಗಿಸುವ ಪ್ರೋಟೀನು ಕೆಟ್ಟಿದೆ. ಸಾಮಗ್ರಿ ಬಾರದೆ ಗೋಡೆ ಎದ್ದಿಲ್ಲ. ಆದ್ದರಿಂದ ಬೆಳಕು ಎಲ್ಲ ಕಡೆಗಳಿಂದಲೂ ನುಗ್ಗುತ್ತದೆ. ಈ ನೊಣ ಕುರುಡಲ್ಲ; ಬೆಳಕು ಅದಕ್ಕೆ ಬೇಕಾದದ್ದಕ್ಕಿಂತ ಹೆಚ್ಚಾಗಿಯೇ ದೊರೆಯುತ್ತದೆ. ದೊರೆಯದಿರುವುದು ಆಕಾರ. ಸುತ್ತಲೂ ಪಟ್ಟೆಗಳ ತೆರೆಯನ್ನು ತಿರುಗಿಸಿದರೆ ಕೆಂಗಣ್ಣಿನ ನೊಣ ಪಟ್ಟೆಗಳೊಡನೆ ತಾನೂ ತಿರುಗುತ್ತದೆ. ಬಿಳಿಗಣ್ಣಿನದು ಅದರಲ್ಲಿ ಹಿಂದೆ ಬೀಳುತ್ತದೆ. ಕಣ್ಣಿನ ಬಣ್ಣ ಕೆಟ್ಟ ತಳಿಗಳ ಈ ಬಗೆಯ ನಡವಳಿಕೆಯನ್ನು ಹ್ಯಾನ್ಸ್ ಕಾಲ್ಮಸ್ 1943ರಷ್ಟು ಹಿಂದೆಯೇ ಪರೀಕ್ಷಿಸಿದ್ದರು. ಬೆಳಕು ಕಣ್ಣಿಗೆ ಬೀಳುವುದು ಬೇರೆ, ಕಾಣುವುದು ಬೇರೆ. ಕಾಣಬೇಕಾದರೆ ಬೆಳಕಿನ ಜೊತೆಗೆ ನೆರಳಿನ ಗೋಡೆಯೂ ಬೇಕು. ನೊಣ ಕಲಿಸುವ ಮೊದಲ ಪಾಠ ಇದು.

ಬೆಳಕನ್ನೇ ಕೊಡದೆ ಸಾಕಿದರೆ ಕಣ್ಣು ನಶಿಸಿಹೋಗುವುದೇ ಎಂಬ ಪ್ರಶ್ನೆಯೂ ಹಳೆಯದು. ಗವಿಯ ಮೀನು ಕಣ್ಣು ಕಳೆದುಕೊಂಡಿರುವುದನ್ನು ಕಂಡವರಿಗೆ ಈ ಸಂಶಯ ಸಹಜ. ಮಾರ್ಗನ್ನರ ಬಳಿ ಇದ್ದ ಫರ್ನಾಂಡಸ್ ಪೇನ್, ನೊಣಗಳನ್ನು ಅರವತ್ತೊಂಬತ್ತು ಪೀಳಿಗೆ ಕತ್ತಲೆಯಲ್ಲಿ ಬೆಳೆಸಿ 1911ರಲ್ಲಿ ವರದಿ ಬರೆದರು. ಕಣ್ಣು ಹೋಗಿರಲಿಲ್ಲ. ಜಪಾನಿನ ಕ್ಯೋಟೊ ವಿಶ್ವವಿದ್ಯಾನಿಲಯದಲ್ಲಿ ಸ್ಯುಇತಿ ಮೋರಿ ಇದೇ ಪ್ರಯೋಗವನ್ನು 1954ರಲ್ಲಿ ಮತ್ತೆ ಪ್ರಾರಂಭಿಸಿದರು. ಗುರುವಿನ ನಂತರ ಶಿಷ್ಯರು ಅದನ್ನು ಮುಂದುವರಿಸಿದರು. ಆ ವಂಶ ಕತ್ತಲೆಯಲ್ಲಿಯೇ 1,400 ಪೀಳಿಗೆಗಳನ್ನು ದಾಟಿತು. 2012ರಲ್ಲಿ ಅದರ ಅನುವಂಶಿಕ ಲಿಪಿಯನ್ನು ಓದಿ ಪ್ರಕಟಿಸಿದಾಗಲೂ ಕಣ್ಣುಗಳು ಇದ್ದ ಹಾಗೆಯೇ ಇದ್ದವು. ಒಂದು ಸಾವಿರದ ನಾನೂರು ತಲೆಮಾರು ಸೂರ್ಯನನ್ನು ಕಾಣದಿದ್ದರೂ ಕಣ್ಣು ಸೂರ್ಯನ ನಿರೀಕ್ಷೆಯನ್ನು ಬಿಟ್ಟಿಲ್ಲ. ಈ ಸಂಗತಿಯನ್ನು ಮೊದಲು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಇಷ್ಟಾದರೂ ನೊಣದ ನಡತೆಯನ್ನೇ ಶೋಧಿಸಿ, ಅದರ ಮೂಲ ಬೀಜವನ್ನು ಹುಡುಕಬಹುದೆಂದು ಧೈರ್ಯ ಮಾಡಿದವರು ಸೀಮೋರ್ ಬೆಂಜರ್. ಭೌತವಿಜ್ಞಾನದಿಂದ ಬಂದು, ಬ್ಯಾಕ್ಟೀರಿಯವನ್ನು ಕಾಡುವ ವೈರಸ್ಸಿನ ಮೇಲೆ ದುಡಿದು, ಒಂದು ಜೀನಿನ ಒಳರಚನೆಯನ್ನೇ ಅಳೆದು ತೋರಿಸಿದ್ದವರು ಅವರು. ತಮ್ಮ ಇಬ್ಬರು ಹೆಣ್ಣುಮಕ್ಕಳ ಸ್ವಭಾವಗಳು ಒಂದಕ್ಕೊಂದು ಹೊಂದದಿರುವುದನ್ನು ಕಂಡು, ಸ್ವಭಾವದ ಬೇರು ಎಲ್ಲಿದೆ ಎಂಬ ಕುತೂಹಲ ಅವರಿಗೆ ಹತ್ತಿತಂತೆ. ಕ್ಯಾಲಿಫೋರ್ನಿಯದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಅವರು ಮಾಡಿದ ಯಂತ್ರ ಬಹಳ ಸರಳವಾದದ್ದು: ಬಾಯಿಗೆ ಬಾಯಿ ಕೂಡಿಸಿದ ಎರಡು ಸಾಲು ಗಾಜಿನ ನಳಿಗೆಗಳು, ಎದುರಿಗೊಂದು ದೀಪ. ನೊಣಗಳನ್ನು ಒಂದು ಕೊನೆಗೆ ಕುಟ್ಟಿ ಇಳಿಸಿ ಸ್ವಲ್ಪ ಹೊತ್ತು ಬಿಟ್ಟರೆ, ಬೆಳಕಿಗೆ ಓಡುವವು ಎದುರು ನಳಿಗೆಗೆ ಹೋಗುತ್ತವೆ. ಉಳಿದವು ಇದ್ದಲ್ಲೇ ಇರುತ್ತವೆ. ಹೋದವುಗಳಿಗೂ ಉಳಿದವುಗಳಿಗೂ ಇದೇ ಅವಕಾಶವನ್ನು ಮತ್ತೆ ಮತ್ತೆ ಕೊಡಬೇಕು. ಮೊರದಲ್ಲಿ ಕೇರಿದಾಗ ಅಕ್ಕಿ ಬೇರೆ, ಕಲ್ಲು ಬೇರೆ ಆಗುವಂತೆ, ಕಡೆಯಲ್ಲಿ ಎಲ್ಲ ಸಲವೂ ಬೆಳಕಿಗೆ ಹೋದವು ಒಂದು ನಳಿಗೆಯಲ್ಲಿ, ಒಂದು ಸಲವೂ ಹೋಗದವು ಇನ್ನೊಂದರಲ್ಲಿ ಸೇರುತ್ತವೆ. ಅನುವಂಶಿಕ ಲಿಪಿಯಲ್ಲಿ ತಪ್ಪು ಹುಟ್ಟಿಸುವ ರಾಸಾಯನಿಕವನ್ನು ತಿನ್ನಿಸಿದ ನೊಣಗಳ ಸಂತತಿಯನ್ನು ಬೆಂಜರ್ ಹೀಗೆ ಕೇರಿದರು. 1967ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಇಲ್ಲಿ ಅವರು ತೋರಿದ ಒಂದು ಎಚ್ಚರವನ್ನು ನಾನು ವಿಶೇಷವಾಗಿ ಹೇಳಬೇಕು. ಬೆಳಕಿಗೆ ಬಾರದ ನೊಣವನ್ನು ಕಂಡು "ಇದು ಕುರುಡು" ಎಂದು ಅವರು ಬರೆದುಬಿಡಲಿಲ್ಲ. ದೀಪವನ್ನು ಇನ್ನೊಂದು ಕೊನೆಗೆ ಇಟ್ಟು, ಬೆಳಕಿನಿಂದ ದೂರ ಹೋಗುವುದೇ ಎಂದೂ ನೋಡಿದರು. ಎರಡು ಕಡೆಗೂ ಸಮನಾಗಿ ಓಡಾಡುವ ನೊಣಕ್ಕೆ ಬೆಳಕಿನ ಭೇದ ತಿಳಿಯುತ್ತಿಲ್ಲವೆಂದು ಹೇಳಬಹುದು. ಎರಡು ಕಡೆಗೂ ಓಡದ ನೊಣದ ದೋಷ ಕಣ್ಣಿನದಲ್ಲ, ಕಾಲಿನದೋ ಚೈತನ್ಯದ್ದೋ ಇರಬೇಕು. ಒಂದೇ ಸೋಲಿಗೆ ಹತ್ತು ಕಾರಣಗಳಿರಬಹುದು. ಸೋಲನ್ನು ಎಣಿಸುವುದು ಸುಲಭ; ಕಾರಣವನ್ನು ಬಿಡಿಸುವುದೇ ವಿದ್ಯೆ.

ಮುಂದಿನ ಹೆಜ್ಜೆ ಕಣ್ಣನ್ನೇ ನೇರವಾಗಿ ಕೇಳುವುದು. ಕಣ್ಣಿನ ಮೇಲೆ ಸೂಕ್ಷ್ಮವಾದ ವಿದ್ಯುದಗ್ರವನ್ನು ತಾಗಿಸಿ ಬೆಳಕು ಹಾಯಿಸಿದರೆ, ಕಣ್ಣಿನ ಕೋಶಗಳಲ್ಲಿ ಏಳುವ ವಿದ್ಯುತ್ತಿನ ಅಲೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಬಹುದು. 1969ರಲ್ಲಿ ಬೆಂಜರರ ಬಳಿ ಯೋಶಿಕಿ ಹೋಟ, ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಪ್ಯಾಕ್, ಬೆಳಕಿಗೆ ಬಾರದ ನೊಣಗಳನ್ನು ಹೀಗೆ ಪರೀಕ್ಷಿಸಿದರು. ಕೆಲವುಗಳಲ್ಲಿ ಅಲೆಯೇ ಏಳಲಿಲ್ಲ. ಕೆಲವುಗಳಲ್ಲಿ ಅಲೆ ಎದ್ದಿತು. ಆದರೆ ಬೆಳಕು ಹೊತ್ತಿದಾಗಲೂ ಆರಿದಾಗಲೂ ಅದರ ತುದಿಯಲ್ಲಿ ಮೂಡಬೇಕಾದ ಸಣ್ಣ ಮೊನೆಗಳು ಇರಲಿಲ್ಲ. ಆ ಮೊನೆಗಳು ಬರುವುದು ಕಣ್ಣಿನ ಹಿಂದಿರುವ ನರಕೋಶಗಳಿಂದ. ಅಂದರೆ ಕಣ್ಣು ಬೆಳಕನ್ನು ಕಂಡಿದೆ, ಸುದ್ದಿ ಒಳಕ್ಕೆ ಮುಟ್ಟಿಲ್ಲ. ಪತ್ರ ಬರೆದಿದೆ, ಮುದ್ರೆ ಬಿದ್ದಿದೆ, ಒಯ್ಯುವ ಅಂಚೆಯವನಿಲ್ಲ. 'ಟ್ಯಾನ್' ಎಂಬ ಕಂದುಬಣ್ಣದ ತಳಿ ಇಂಥದು. ಅದು ಬೆಳಕಿಗೆ ಸರಿಯಾಗಿ ಓಗೊಡುವುದಿಲ್ಲವೆಂದು ಮೆಕ್‌ಇವನ್ 1918ರಲ್ಲಿಯೇ ಬರೆದಿದ್ದರು. ಕಣ್ಣಿನ ಕೋಶ ತನ್ನ ಸುದ್ದಿಯನ್ನು ಕಳುಹಿಸುವ ಹಿಸ್ಟಮೀನ್ ಎಂಬ ರಸವನ್ನು ಮತ್ತೆ ತಯಾರಿಸಿಕೊಳ್ಳುವ ಕ್ರಿಯೆಯೇ ಅದರಲ್ಲಿ ಕೆಟ್ಟಿದೆಯೆಂಬುದು ಸ್ಪಷ್ಟವಾಗಲು ಈ ಶತಮಾನ ಬರಬೇಕಾಯಿತು.

ಈ ಕುರುಡು ನೊಣಗಳಿಂದ ಮನುಷ್ಯನಿಗೆ ದೊರೆತ ತಿಳಿವಳಿಕೆ ಅಪಾರ. ಅಲೆಯೇ ಏಳದ ಒಂದು ತಳಿಗೆ 'ನಾರ್ಪ್-ಎ' ಎಂದು ಹೆಸರು. ಬೆಳಕು ಬಿದ್ದುದನ್ನು ವಿದ್ಯುತ್ತಾಗಿ ಪರಿವರ್ತಿಸುವ ಸರಪಣಿಯಲ್ಲಿ ಒಂದು ಕಿಣ್ವ ಅದರಲ್ಲಿ ಇಲ್ಲವೆಂದು 1988ರಲ್ಲಿ ತಿಳಿಯಿತು. ಇನ್ನೊಂದು ತಳಿಯನ್ನು 1969ರಲ್ಲಿ ಎಡಿನ್‌ಬರೊದಲ್ಲಿ ಕಾಸನ್ಸ್ ಮತ್ತು ಮ್ಯಾನಿಂಗ್ ವರ್ಣಿಸಿದರು. ಅದರ ಕಣ್ಣು ಮಂದವಾದ ಬೆಳಕಿನಲ್ಲಿ ಕೆಲಸ ಮಾಡುತ್ತದೆ. ಪ್ರಖರವಾದ ಬೆಳಕು ಬಿಡದೆ ಬಿದ್ದರೆ ಅಲೆ ಕುಸಿದು ನೊಣ ಕುರುಡಾಗುತ್ತದೆ. 'ಟ್ರಪ್' ಎಂದು ಕರೆಯಲಾದ ಈ ತಳಿಯ ದೋಷ ಕೋಶದ ಗೋಡೆಯಲ್ಲಿರುವ ಒಂದು ಪುಟ್ಟ ಬಾಗಿಲಿನದು. ಅದೇ ಮನೆತನಕ್ಕೆ ಸೇರಿದ ಬಾಗಿಲುಗಳು ನಮ್ಮ ದೇಹದಲ್ಲಿಯೂ ಇವೆ. ಮೆಣಸಿನಕಾಯಿ ನಾಲಗೆಗೆ ತಾಕಿದಾಗ "ಉರಿ" ಎಂದು ಕೂಗುವ ಬಾಗಿಲು ಅವುಗಳಲ್ಲಿ ಒಂದು. ಅದನ್ನು 1997ರಲ್ಲಿ ಕಂಡುಹಿಡಿದ ಡೇವಿಡ್ ಜೂಲಿಯಸ್ 2021ರಲ್ಲಿ ನೊಬೆಲ್ ಪಾರಿತೋಷಕವನ್ನು ಆರ್ಡೆಮ್ ಪಟಪೂಟಿಯನ್ನರೊಡನೆ ಹಂಚಿಕೊಂಡರು. ಪ್ರಖರವಾದ ಬೆಳಕನ್ನು ತಾಳದ ನೊಣಕ್ಕೂ ಬ್ಯಾಡಗಿ ಮೆಣಸಿನಕಾಯಿಗೆ ಕಣ್ಣೀರಿಡುವ ನಮಗೂ ಇಂಥ ನೆಂಟಸ್ತನವಿದೆಯೆಂದು ಯಾರು ಎಣಿಸಿದ್ದರು?

ಬಣ್ಣದ ವಿಚಾರ ಇನ್ನೂ ಸ್ವಾರಸ್ಯವಾದದ್ದು. ಪ್ರತಿಯೊಂದು ಪುಟ್ಟ ಕಣ್ಣಿನ ಎಂಟು ಕೋಶಗಳಲ್ಲಿ ಏಳನೆಯದು ನಮಗೆ ಕಾಣದ ನೇರಳಾತೀತ ಕಿರಣಗಳನ್ನು ಕಾಣುತ್ತದೆ. ಬೆಂಜರರ ಬಳಗಕ್ಕೆ ಈ ಏಳನೆಯ ಕೋಶವೇ ಹುಟ್ಟದ ತಳಿಯೊಂದು ದೊರೆಯಿತು. 'ಸೆವೆನ್‌ಲೆಸ್' ಎಂದು, ಅಂದರೆ 'ಏಳನೆಯದಿಲ್ಲದ್ದು' ಎಂದು, ಅದಕ್ಕೆ ಹೆಸರಿಟ್ಟರು. ಒಂದು ಕಡೆ ನೇರಳಾತೀತ, ಇನ್ನೊಂದು ಕಡೆ ಹಸುರು ಬೆಳಕನ್ನಿಟ್ಟರೆ ಸಾಮಾನ್ಯ ನೊಣ ನೇರಳಾತೀತದ ಕಡೆಗೆ ಓಡುತ್ತದೆ. ಈ ನೊಣ ಹಸುರಿನ ಕಡೆಗೆ ಓಡುತ್ತದೆಯೆಂದು 1976ರಲ್ಲಿ ವರದಿಯಾಯಿತು. ಹೊರಗಿನಿಂದ ನೋಡಿದವರಿಗೆ ಅದು ರುಚಿಭೇದವೆಂದು ತೋರೀತು. ನಿಜದಲ್ಲಿ ಅದರ ಪ್ರಪಂಚದಲ್ಲಿ ಒಂದು ಬಣ್ಣವೇ ಇಲ್ಲ. ಏಳನೆಯ ಕೋಶ ಹುಟ್ಟಲು ಎಂಟನೆಯ ಕೋಶ ಪಕ್ಕದಿಂದ ಕೊಡುವ ಸಂಜ್ಞೆ ಬೇಕು. ಆ ಸಂಜ್ಞೆಯ ಜಾಡು ಹಿಡಿದವರಿಗೆ, ಮನುಷ್ಯನ ಕ್ಯಾನ್ಸರಿನಲ್ಲಿ ಹಾದಿತಪ್ಪುವ ಸಂಜ್ಞಾಮಾರ್ಗವೇ ನೊಣದ ಕಣ್ಣಿನಲ್ಲಿಯೂ ಕಂಡಿತು.

ಇಷ್ಟು ಕಾಣುವ ವಿಚಾರವಾಯಿತು. ಕಲಿಯುವುದು? ನೊಣ ಬೆಳಕಿಗೆ ಓಡುವುದು ಹುಟ್ಟುಗುಣ. ಅದಕ್ಕೆ ಪಾಠ ಬೇಕಿಲ್ಲ. ಕಲಿತದ್ದನ್ನು ತೋರಿಸಬೇಕಾದರೆ ಎರಡು ಗುರುತುಗಳ ನಡುವೆ ಒಂದನ್ನು ಅನುಭವದಿಂದ ಬಿಡಬೇಕು. 1974ರಲ್ಲಿ ಕ್ವಿನ್, ಹ್ಯಾರಿಸ್ ಮತ್ತು ಬೆಂಜರ್ ನೊಣಗಳಿಗೆ ಎರಡು ವಾಸನೆಗಳನ್ನು ತೋರಿಸಿ, ಒಂದರ ಜೊತೆಗೆ ವಿದ್ಯುತ್ತಿನ ಆಘಾತ ಕೊಟ್ಟರು. ಆಮೇಲೆ ನೊಣಗಳು ಆ ವಾಸನೆಯನ್ನು ತೊರೆದವು. ಇಪ್ಪತ್ತನಾಲ್ಕು ಗಂಟೆಗಳ ಅನಂತರವೂ ನೆನಪು ಉಳಿದಿತ್ತು. ಬೇರೆಬೇರೆ ಬಣ್ಣದ ದೀಪಗಳ ಭೇದವನ್ನೂ ನೊಣ ಕಲಿಯಬಲ್ಲದೆಂದು ಅದೇ ಲೇಖನದಲ್ಲಿ ತೋರಿಸಿದರು. ಮೆನ್ನ ಮತ್ತು ಸ್ಪಾಟ್ಸ್ 1977ರಲ್ಲಿ ಇನ್ನೊಂದು ಉಪಾಯ ಹೂಡಿದರು: ಒಂದು ಬಣ್ಣದ ಬೆಳಕಿನಲ್ಲಿ ನೊಣಗಳನ್ನು ಗಡಗಡ ಅಲುಗಾಡಿಸುವುದು, ಇನ್ನೊಂದರಲ್ಲಿ ಸುಮ್ಮನೆ ಬಿಡುವುದು. ಅಲುಗಾಡಿಸಿಕೊಂಡ ನೊಣಗಳು ಆ ಬಣ್ಣವನ್ನು ತಪ್ಪಿಸಿಕೊಳ್ಳಲು ಕಲಿತವು. ಗಸಗಸೆಗಿಂತ ಸಣ್ಣ ಮಿದುಳಿನಲ್ಲಿ ನೀಲಿ ಎಂಬುದಕ್ಕೆ ಭಯ ಎಂಬ ಅರ್ಥ ಅಂಟಿಕೊಳ್ಳುವುದೆಂದರೆ ಸಾಮಾನ್ಯವೆ?

ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ಮಾರ್ಟಿನ್ ಹೈಸೆನ್‌ಬರ್ಗ್ ನೊಣದ ಬೆನ್ನಿಗೆ ಸೂಕ್ಷ್ಮವಾದ ಕೊಕ್ಕೆಯನ್ನು ಅಂಟಿಸಿ, ಚಿತ್ರಗಳಿರುವ ಉರುಳೆಯ ನಡುವೆ ಅದನ್ನು ಹಾರಿಸಿದರು. ನೊಣ ಎಡಕ್ಕೆ ತಿರುಗಲೆತ್ನಿಸಿದರೆ ಉರುಳೆ ಅದಕ್ಕೆ ತಕ್ಕಂತೆ ತಿರುಗುತ್ತದೆ. ಒಂದು ಚಿತ್ರದ ಎದುರಿಗೆ ಬಂದಾಗ ಬಿಸಿ ತಾಕುತ್ತದೆ, ಇನ್ನೊಂದರ ಎದುರಿಗೆ ತಾಕುವುದಿಲ್ಲ. ನೊಣ ಬೇಗನೆ ತಂಪಾದ ದಿಕ್ಕನ್ನು ಹಿಡಿದು ಹಾರಲು ಕಲಿಯುತ್ತದೆ; ಬಿಸಿಯನ್ನು ನಿಲ್ಲಿಸಿದ ಮೇಲೂ ಅದೇ ದಿಕ್ಕನ್ನು ಹಿಡಿಯುತ್ತದೆ. 2013ರಲ್ಲಿ ಇನ್ನೊಂದು ಬಳಗ ಇನ್ನೂ ಚತುರವಾದ ಕೆಲಸ ಮಾಡಿತು. ಕುರುಡಾದ ನಾರ್ಪ್-ಎ ನೊಣವನ್ನು ತೆಗೆದುಕೊಂಡು, ಆಯ್ದ ಕೆಲವು ಕೋಶಗಳಿಗೆ ಮಾತ್ರ ದೃಷ್ಟಿಯನ್ನು ಹಿಂದಕ್ಕೆ ಕೊಟ್ಟು, ಅಷ್ಟರಿಂದ ನೀಲಿ ಹಸುರುಗಳನ್ನು ಬೇರ್ಪಡಿಸಲು ಕಲಿಯುವುದೇ ಎಂದು ಕೇಳಿತು. ಬಣ್ಣಕ್ಕೆ ಸಂಬಂಧವಿಲ್ಲವೆಂದು ಬಹುಕಾಲ ಎಣಿಸಿದ್ದ ಹೊರಗಿನ ಆರು ಕೋಶಗಳೂ ಬಣ್ಣದ ಪಾಠದಲ್ಲಿ ಪಾಲ್ಗೊಳ್ಳುತ್ತವೆಂದು ಆಗ ಗೊತ್ತಾಯಿತು.

1976ರಲ್ಲಿ ಬೆಂಜರರ ಬಳಗ ವಾಸನೆಯ ಪಾಠವನ್ನು ಕಲಿಯದ ಒಂದು ತಳಿಯನ್ನು ಹುಡುಕಿ ಅದಕ್ಕೆ 'ಡನ್ಸ್' ಎಂದು ಹೆಸರಿಟ್ಟಿತು. ಕನ್ನಡದಲ್ಲಿ ಹೇಳಬೇಕಾದರೆ 'ದಡ್ಡ'. ಈ ಹೆಸರನ್ನು ಓದಿದಾಗ ನನಗೆ ಚುರುಕ್ಕೆಂದಿತು. ಆದರೆ ಆ ಲೇಖನವನ್ನು ಪೂರ್ತಿ ನೋಡಿದಾಗ, ಅವರು ದಡ್ಡನೆಂದು ಕರೆಯುವ ಮುನ್ನ ಎಷ್ಟು ಮಾಡಿದ್ದರೆಂಬುದು ತಿಳಿಯಿತು. ಈ ನೊಣಕ್ಕೆ ವಾಸನೆ ತಿಳಿಯುವುದೇ? ತಿಳಿಯುತ್ತದೆ. ಆಘಾತ ತಾಗುವುದೇ? ತಾಗುತ್ತದೆ. ಉಳಿದ ನಡವಳಿಕೆ? ಸಹಜವಾಗಿಯೇ ಇದೆ. ಇಷ್ಟನ್ನೂ ಸೋಸಿದ ಮೇಲೆ ಉಳಿದ ದೋಷವನ್ನು ಮಾತ್ರ ಅವರು ಕಲಿಕೆಯ ದೋಷವೆಂದರು. ಹಾಗೆ ಕರೆದ ಮೇಲೂ ವಿಷಯ ಮುಗಿಯಲಿಲ್ಲ. 1983ರಲ್ಲಿ ಕ್ವಿನ್ನರೂ ಅವರ ಸಂಗಡಿಗರೂ ಆಘಾತದ ಬದಲು ಸಕ್ಕರೆ ಕೊಟ್ಟು ಕಲಿಸಿ ನೋಡಿದರು. ಸಕ್ಕರೆಯ ಪಾಠವನ್ನು ದಡ್ಡ ನೊಣವೂ ಕಲಿಯಿತು. ಅದು ಬೇಗ ಮರೆಯಿತು ಎಂಬುದೇ ಅದರ ನಿಜವಾದ ಕೊರತೆ. ದಡ್ಡತನವೆಂದು ಮೊದಲು ತೋರಿದ್ದರಲ್ಲಿ ಅರ್ಧ ಪಾಠ ಹೇಳಿದ ರೀತಿಯ ಫಲವಾಗಿತ್ತು. ಬೆತ್ತದಿಂದ ಬಾರದ ವಿದ್ಯೆ ಬೆಲ್ಲದಿಂದ ಬಂದೀತೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರು. ನಾನು ಮಾತ್ರ ಅದನ್ನು ನೊಣದಿಂದ ಕೇಳಿ ತಿಳಿಯಬೇಕಾಯಿತು.

ಬೆಳಕಿಗೆ ಬಾರದಿರುವುದಕ್ಕೆ ಮತ್ತೊಂದು ಕಾರಣವೂ ಉಂಟು. ರೆಕ್ಕೆ ಕತ್ತರಿಸಿದ ನೊಣ ಬೆಳಕಿನ ಮೋಹವನ್ನು ಕಳೆದುಕೊಳ್ಳುತ್ತದೆಂದು ಹಳೆಯ ಮೆಕ್‌ಇವನ್ನರೇ ಗಮನಿಸಿದ್ದರು. 2016ರಲ್ಲಿ ಜರ್ಮನಿಯ ಒಂದು ಪ್ರಯೋಗಶಾಲೆ ರೆಕ್ಕೆಗಳನ್ನು ಸಕ್ಕರೆ ಪಾಕದಿಂದ ಅಂಟಿಸಿ ನೋಡಿತು. ಹಾರಲಾರದ ನೊಣ ಕತ್ತಲೆಯನ್ನು ಆರಿಸಿಕೊಂಡಿತು. ಅಂಟು ಕಳಚಿ ರೆಕ್ಕೆ ಬಿಡಿಸಿದ ಮೇಲೆ ಮತ್ತೆ ಬೆಳಕಿಗೆ ಬಂದಿತು. ಅದರ ಕಣ್ಣು ಎರಡು ಸಲವೂ ಒಂದೇ. ಹಾರಬಲ್ಲೆನೆಂಬ ನಂಬಿಕೆಯುಳ್ಳದ್ದು ಬಯಲಿಗೆ ಬರುತ್ತದೆ. ಇಲ್ಲದ್ದು ಮರೆಯನ್ನು ಹುಡುಕುತ್ತದೆ. ಬೆಳಕಿನ ಕಡೆ ಓಡುವುದು ಕೇವಲ ಯಾಂತ್ರಿಕವಾದ ಚೇಷ್ಟೆಯೆಂದು ಎಣಿಸಿದ್ದ ಕಾಲ ಇದರಿಂದ ಹಿಂದೆ ಸರಿಯಿತು.

ಇನ್ನು ಪೂರ್ಣ ಕುರುಡಾದ ನೊಣ. ನಾರ್ಪ್-ಎ ನೊಣಕ್ಕೆ ಆಕಾರವಿಲ್ಲ, ಬಣ್ಣವಿಲ್ಲ, ಚಲನೆಯೂ ಕಾಣದು. ಆದರೂ ಅದಕ್ಕೆ ಬೆಳಗು ಬೈಗುಗಳು ಗೊತ್ತು! ದೀಪ ಹೊತ್ತಿಸುವ ವೇಳೆಯನ್ನು ಕೆಲವು ಗಂಟೆ ಹಿಂದುಮುಂದು ಮಾಡಿದರೆ ಅದರ ಏಳುವ, ಮಲಗುವ ವೇಳೆಯೂ ಹಿಂದುಮುಂದಾಗುತ್ತದೆ. ನೊಣದ ದಿನಚರಿಯ ಗಡಿಯಾರವನ್ನು ಆಳುವ ಜೀನನ್ನು 1971ರಲ್ಲಿ ಕೊನೊಪ್ಕ ಮತ್ತು ಬೆಂಜರ್ ಗುರುತಿಸಿದ್ದರು. ಆ ಗಡಿಯಾರದ ಒಳಗುಟ್ಟನ್ನು ಬಿಡಿಸಿದ ಹಾಲ್, ರೋಸ್‌ಬ್ಯಾಶ್, ಯಂಗ್ ಎಂಬ ಮೂವರಿಗೆ 2017ರ ನೊಬೆಲ್ ಪಾರಿತೋಷಕ ಸಂದಿತು. ಗಡಿಯಾರದ ನರಕೋಶಗಳ ಒಳಗೇ ನೀಲಿ ಬೆಳಕನ್ನು ಹೀರುವ ಕ್ರಿಪ್ಟೊಕ್ರೋಮ್ ಎಂಬ ಪ್ರೋಟೀನು ಇದೆಯೆಂದು 1998ರಲ್ಲಿ ತಿಳಿಯಿತು. ತಲೆಯ ತೆಳುವಾದ ಕವಚವನ್ನು ದಾಟಿ ಬೆಳಕು ನೇರವಾಗಿ ಮಿದುಳನ್ನು ಮುಟ್ಟುತ್ತದೆ. ಕಣ್ಣುಗಳನ್ನೂ ಕ್ರಿಪ್ಟೊಕ್ರೋಮನ್ನೂ ಒಟ್ಟಿಗೆ ಕೆಡಿಸಿದ ನೊಣಕ್ಕೆ ಮಾತ್ರ ಹಗಲಿರುಳುಗಳ ಗುರುತು ಅಳಿಸಿಹೋಗುತ್ತದೆಯೆಂದು 2001ರಲ್ಲಿ ತೋರಿಸಲಾಯಿತು. ಕಣ್ಣಿಲ್ಲದೆಯೂ ಬೆಳಕನ್ನು ಅರಿಯುವ ದಾರಿ ಇದೆ. ನಾವು ಒಂದೇ ಬಾಗಿಲನ್ನು ತಟ್ಟಿ, ಉತ್ತರ ಬಾರದಿದ್ದರೆ ಮನೆಯಲ್ಲಿ ಯಾರೂ ಇಲ್ಲವೆಂದು ಹಿಂದಿರುಗುತ್ತೇವೆ.

ಈ ವಿದ್ಯೆ ನಮಗೆ ದೂರದ್ದೂ ಅಲ್ಲ. ಬೆಂಜರರೊಡನೆ ಕೂಡಿ, ಬಿಸಿಯೇರಿದರೆ ಮೈಸೆಟೆದು ಬೀಳುವ ನೊಣಗಳ ವಿಚಾರವಾಗಿ 1976ರಲ್ಲಿ ಬರೆದ ಒಬೇದ್ ಸಿದ್ದೀಕಿಯವರು, ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ನೊಣದ ಘ್ರಾಣೇಂದ್ರಿಯವನ್ನು ಶೋಧಿಸಿ, ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿ ಬೆಳೆಸಿದರು. 2013ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹಣ್ಣಿನ ನೊಣದ ತಳಿಗಳನ್ನು ಸಾಕಿ ಕಾಪಾಡುವ ಸಂಗ್ರಹಾಲಯ ದಶಕಗಳಿಂದ ನಡೆದುಬಂದಿದೆ. ನಮ್ಮ ಬಾಳೆಹಣ್ಣಿನ ನೊರಜಿನ ಕಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕೆಂಬ ವಿದ್ಯಾರ್ಥಿ ಸಮುದ್ರ ದಾಟಬೇಕಾಗಿಲ್ಲ.

ಕಡೆಯ ಬೆಂಚಿನ ಹುಡುಗನ ಕಥೆಗೆ ಬರುತ್ತೇನೆ. ಆ ವರ್ಷ ನಮ್ಮೂರಿನಲ್ಲಿ ಕಣ್ಣಿನ ತಪಾಸಣೆಯ ಶಿಬಿರ ನಡೆಯಿತು. ಅವನಿಗೆ ದೂರದ್ದು ಕಾಣುತ್ತಲೇ ಇರಲಿಲ್ಲವೆಂದು ವೈದ್ಯರು ಹೇಳಿದರು. ಕನ್ನಡಕ ಹಾಕಿಕೊಂಡು ಬಂದ ಮೊದಲ ದಿನ ಅವನು ಹಲಗೆಯನ್ನೇ ನೋಡುತ್ತ ನಿಂತಿದ್ದ. ಗಂಟೆ ಹೊಡೆದ ಮೇಲೆ ನನ್ನ ಬಳಿಗೆ ಬಂದು, "ಸಾರ್, ದಿನಾ ಬೋರ್ಡಿನ ಮೇಲೆ ಇಷ್ಟೊಂದು ಬರೀತಿದ್ರಾ?" ಎಂದ. ಅದರಲ್ಲಿ ದೂರಿರಲಿಲ್ಲ, ಬರಿಯ ಆಶ್ಚರ್ಯವಿತ್ತು. ಎಲ್ಲರೂ ತನ್ನಂತೆಯೇ ಕಿವಿಯಿಂದ ಪಾಠ ಕಲಿಯುತ್ತಾರೆಂದೂ, ಅವರ ಕಿವಿ ತನ್ನದಕ್ಕಿಂತ ಚುರುಕೆಂದೂ ಅವನು ಅಷ್ಟು ವರ್ಷ ನಂಬಿದ್ದ. ಕೇಳಿದ್ದಷ್ಟರಿಂದಲೇ ಅವನು ಒಂಬತ್ತನೆಯ ತರಗತಿಯವರೆಗೆ ಬಂದಿದ್ದ. ಹಾಗೆ ಬಂದವನನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಬೆಂಜರ್ ಒಂದು ನೊಣಕ್ಕೆ ಮಾಡಿದ ನ್ಯಾಯವನ್ನು, ದೀಪವನ್ನು ಇನ್ನೊಂದು ಕಡೆಗೆ ಇಟ್ಟು ನೋಡುವ ಅಷ್ಟು ಸಣ್ಣ ನ್ಯಾಯವನ್ನು, ನಾನು ಒಬ್ಬ ಹುಡುಗನಿಗೆ ಮಾಡಿರಲಿಲ್ಲ. "ಮುಂದಿನ ಬೆಂಚಿಗೆ ಬಾರಯ್ಯಾ" ಎಂದಷ್ಟೇ ಆ ದಿನ ನನ್ನ ಬಾಯಿಂದ ಹೊರಟದ್ದು. ಕ್ಷಮಿಸು ಎನ್ನುವ ಧೈರ್ಯ ಬರಲಿಲ್ಲ.

ಬೆಂಜರ್ ವರ್ಣಿಸಿದ ಒಂದು ನೊಣದ ಚಿತ್ರ ನನ್ನ ಮನಸ್ಸಿನಿಂದ ಮಾಸುವುದಿಲ್ಲ. ಅರ್ಧ ದೇಹ ಸಹಜ, ಅರ್ಧ ವಿಕೃತವಾಗಿ ಹುಟ್ಟುವ ನೊಣಗಳಿವೆ. ಒಂದು ಕಣ್ಣು ಕಾಣುತ್ತದೆ, ಇನ್ನೊಂದು ಕಾಣುವುದಿಲ್ಲ. ನೆಟ್ಟಗೆ ನಿಲ್ಲಿಸಿದ ನಳಿಗೆಯ ತಲೆಯ ಮೇಲೆ ದೀಪವಿಟ್ಟರೆ ಸಹಜವಾದ ನೊ​ಣ ನೇರವಾಗಿ ಮೇಲಕ್ಕೆ ಏರುತ್ತದೆ. ಒಂದು ಕಣ್ಣಿನ ನೊಣಕ್ಕೆ ಅದು ಆಗದು. ಎರಡು ಕಣ್ಣಿಗೂ ಬೆಳಕು ಸಮನಾಗಿ ಬೀಳಲೆಂದು ಅದು ತನ್ನ ಕುರುಡುಗಣ್ಣನ್ನು ಬೆಳಕಿನ ಕಡೆಗೆ ತಿರುಗಿಸುತ್ತದೆ; ತಿರುಗಿಸುತ್ತ, ತಿರುಗುತ್ತ, ಗಾಜಿನ ಗೋಡೆಯ ಸುತ್ತ ಸುರುಳಿ ಸುರುಳಿಯಾಗಿ ಹತ್ತುತ್ತದೆ. ಅದರ ದಾರಿ ಉದ್ದ. ಆದರೂ ಅದು ಮೇಲಕ್ಕೆ ಹೋಗುವ ದಾರಿಯೇ. ತರಗತಿಯಲ್ಲಿ ಇಂದು ಪಾಠ ಹೇಳುತ್ತಿರುವವರು, ಸುತ್ತಿ ಸುತ್ತಿ ಹತ್ತುತ್ತಿರುವ ಮಗುವೊಂದು ಕಂಡರೆ, ನೆಟ್ಟಗೆ ನಡೆಯೆಂದು ಗದರುವ ಮುನ್ನ ಅದರ ಯಾವ ಕಣ್ಣಿಗೆ ಬೆಳಕು ಬೀಳುತ್ತಿಲ್ಲವೆಂದು ಒಂದು ಕ್ಷಣ ನೋಡಲಿ.